ನಡುಗಡಲಿನಿಂದ ಹಸುವಿಗೊಂದು ಫೋನು

ಕೊರೊನಾ ಕಳೆದ ಎರಡನೇ ವರ್ಷ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಎದುರು ನಮ್ಮದೊಂದು ಪುಟ್ಟ ಟ್ರಾವೆಲ್ಸ್ ಕಚೇರಿ. ಅದಕ್ಕೆ ನಾನೇ ಮಾಲೀಕ, ನಾನೇ ಟೂರ್ ಮ್ಯಾನೇಜರ್, ನಾನೇ ಗೈಡ್. ಅಡುಗೆಯವನು ಕೈಕೊಟ್ಟ ದಿನ ಈರುಳ್ಳಿ ಹೆಚ್ಚುವವನೂ ನಾನೇ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕೋಟೆಯ ಬಾಗಿಲಲ್ಲಿ ನಿಂತು ಒಂದೇ ಇತಿಹಾಸವನ್ನು ಕನ್ನಡ, ಉರ್ದು, ಹಿಂದಿ ಮತ್ತು ನನಗೊಬ್ಬನಿಗೇ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿ ಹೇಳಿ ಗಂಟಲು ಸವೆಸಿದ್ದೆ. ಹೆಸರು ನಜೀರ್. ಗಿರಾಕಿಗಳಿಗೆ ನಜೀರಣ್ಣ ಅಥವಾ ಸಾಬ್ರು.

ನಮ್ಮ ಗಿರಾಕಿಗಳೆಲ್ಲ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು. ಕಬ್ಬು, ಗದ್ದೆ, ಹಸು ಇರುವ ಜನ. ಧರ್ಮಸ್ಥಳ, ಸುಬ್ರಹ್ಮಣ್ಯ ಇವರಿಗೆ ಸ್ವಂತ ಅಡುಗೆಮನೆಯಷ್ಟೇ ಪರಿಚಯ. ಹೊಸ ಜಾಗ ಯಾವುದಿದೆ ಎಂದು ಕೇಳಿ ಕೇಳಿ ನನ್ನ ತಲೆ ತಿಂದದ್ದರಿಂದ ಆ ವರ್ಷ ಒಂದು ಸಾಹಸಕ್ಕೆ ಕೈ ಹಾಕಿದೆ. ಮೊದಲ ನಾಲ್ಕು ದಿನ ಬಸ್ಸಿನಲ್ಲಿ ಕರಾವಳಿ: ಮಲ್ಪೆಯಿಂದ ಶುರುಮಾಡಿ ಬೇಕಲ ಕೋಟೆ, ಕಣ್ಣೂರು, ಕೋಳಿಕ್ಕೋಡು ನೋಡುತ್ತಾ ಕೊಚ್ಚಿ. ಅಲ್ಲಿಂದ ಐದು ದಿನ ಹಡಗಿನಲ್ಲಿ ಲಕ್ಷದ್ವೀಪ. ಹಗಲು ದ್ವೀಪದಲ್ಲಿ ಸುತ್ತಾಟ, ರಾತ್ರಿ ಹಡಗಿನಲ್ಲೇ ನಿದ್ದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ‘ಲ್ಯಾಂಡ್ ಕಮ್ ಕ್ರೂಸ್’ ಎನ್ನುತ್ತಾರೆ.

ಇದರಲ್ಲಿ ಕಷ್ಟವಿರುವುದು ಭೂಮಿಯಲ್ಲೂ ಅಲ್ಲ, ನೀರಿನಲ್ಲೂ ಅಲ್ಲ, ಎರಡನ್ನೂ ಹೊಲಿಯುವ ಜಾಗದಲ್ಲಿ. ಬಸ್ಸು ಪ್ರಯಾಣಿಕನಿಗಾಗಿ ಕಾಯುತ್ತದೆ, ಹಡಗು ಯಾರಪ್ಪನಿಗೂ ಕಾಯುವುದಿಲ್ಲ. ಬಂದರಿನಲ್ಲಿ ಹಡಗು ಹತ್ತುವ ಗಳಿಗೆಗೆ ‘ಎಂಬಾರ್ಕೇಶನ್’ ಎಂಬ ದೊಡ್ಡ ಹೆಸರಿದೆ. ಅದು ತಪ್ಪಿದರೆ ದ್ವೀಪಕ್ಕೆ ಕಾಲಿಡಲು ಸರ್ಕಾರ ಕೊಡುವ ಪರ್ಮಿಟ್ಟೂ ಹೋಯಿತು, ಟೂರೂ ಹೋಯಿತು. ಹಾಗಾಗಿ ಭೂಮಿಯ ಕಾರ್ಯಕ್ರಮದ ಕೊನೆಗೆ ಅರ್ಧ ದಿನ ಖಾಲಿ ಬಿಡಬೇಕು. ಅದನ್ನು ‘ಬಫರ್’ ಎನ್ನುತ್ತೇವೆ. ನನಗೆ ಬಫರ್ ಎಂದರೆ ಪ್ರಾಣ. ಒಬ್ಬರು ಕಾಫಿ ಕುಡಿಯಲು ಐದು ನಿಮಿಷ ಹೆಚ್ಚು ತೆಗೆದುಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆಯವರಿಗೆ ಮೂಗಿನ ತುದಿಯಲ್ಲಿ ಕೋಪವಿದ್ದರೆ ನಿಮಗೆ ಗಡಿಯಾರ ಇದೆ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ.

ಅಂಥ ನನ್ನ ಬಫರನ್ನು ನುಂಗಲೆಂದೇ ಹುಟ್ಟಿದಂತೆ ಬಸ್ಸು ಹತ್ತಿದವರು ಚಿಕ್ಕತಾಯಮ್ಮ. ಅಕ್ಕಿಹೆಬ್ಬಾಳಿನ ಪಕ್ಕದ ಹಳ್ಳಿಯವರು, ಐವತ್ತು ದಾಟಿದ ಗಟ್ಟಿ ಹೆಂಗಸು. ಜೊತೆಗೆ ಅವರ ಬೀಗಿತ್ತಿ, ಅಂದರೆ ಮಗಳ ಅತ್ತೆ, ನಾಗಮಂಗಲದ ಸಾಕಮ್ಮ. ಚಿಕ್ಕತಾಯಮ್ಮನ ಗಂಡ ನಿಂಗೇಗೌಡರು ಬಂದಿರಲಿಲ್ಲ. ಅವರು ಊರಿನ ಹಾಲಿನ ಡೈರಿಗೆ ಡೈರೆಕ್ಟರು, ಮಡಿಕೆ ಮುರಿಯದ ಬಿಳಿ ಪಂಚೆಯ ಮನುಷ್ಯ. ಹೆಂಡತಿಯನ್ನು ಬಸ್ಸು ಹತ್ತಿಸಲು ಬಂದವರು ನನಗೆ ಅರ್ಧ ಗಂಟೆ ಸಹಕಾರ ತತ್ತ್ವ ಬೋಧಿಸಿ ಹೋದರು.

ಇಂಥ ದೂರದ ಟೂರಿಗೆ ಹೇಗೆ ಮನಸ್ಸಾಯಿತು ಎಂದು ಚಿಕ್ಕತಾಯಮ್ಮನನ್ನು ಮೊದಲ ದಿನವೇ ಕೇಳಿದ್ದೆ. ಹೇಮಾವತಿ ತುಂಬಿ ಹರಿಯುವಾಗ ಚಿಕ್ಕಂದಿನಲ್ಲಿ ದಡದಲ್ಲಿ ನಿಂತು, ನಾಲ್ಕೂ ಕಡೆ ನೀರೇ ಇದ್ದರೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದರಂತೆ. ಆಮೇಲೆ ಮದುವೆ, ಮಕ್ಕಳು, ದನ. ಮನೆ ಬಿಟ್ಟು ಎರಡು ರಾತ್ರಿ ಹೊರಗೆ ಮಲಗಿದ್ದು ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿ ಮಾತ್ರ. ಈಗ ಬೀಗಿತ್ತಿ ಜೊತೆಗಿದ್ದಾಳೆ, ಗಂಡ ಹೂಂ ಅಂದಿದ್ದಾರೆ, ಒಂದು ಸಲ ನೋಡಿಯೇ ಬಿಡೋಣ ಎಂದು ಹೊರಟಿದ್ದರು.

ತೊಂದರೆ ಮಲ್ಪೆಯಲ್ಲೇ ಶುರುವಾಯಿತು. ಬೆಳಗಿನ ಹೊತ್ತು ಬಸ್ಸು ಹೊರಡಬೇಕು, ಚಿಕ್ಕತಾಯಮ್ಮ ನಾಪತ್ತೆ. ಹುಡುಕಿದರೆ ಲಾಡ್ಜಿನ ಹಿಂದೆ ನೀರಿನ ಟ್ಯಾಂಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಫೋನನ್ನು ಬಾಯಿಗೆ ಹಿಡಿದು, ತೊಟ್ಟಿಲು ತೂಗುವ ದನಿಯಲ್ಲಿ ‘ಬುಡವ್ವ, ನನ್ನ ಬಂಗಾರಿ, ಬುಡವ್ವ’ ಎನ್ನುತ್ತಿದ್ದರು. ಮೊಮ್ಮಗು ಹಟ ಮಾಡುತ್ತಿರಬೇಕೆಂದು ಸುಮ್ಮನಾದೆ. ಸಂಜೆ ಮತ್ತೆ ಅದೇ ಹಾಡು. ಬೇಕಲ ಕೋಟೆಯ ಬುರುಜಿನ ಮೇಲೆ ನಾನು ಇತಿಹಾಸ ಹೇಳುತ್ತಿದ್ದರೆ ಹತ್ತು ಜನ ನನ್ನನ್ನು ಬಿಟ್ಟು ಅವರ ಸುತ್ತ ನಿಂತಿದ್ದರು. ಮೂರನೆಯ ದಿನ ತಡೆಯಲಾಗಲಿಲ್ಲ. ಮಗುವಿಗೆ ಅಷ್ಟು ಹಟ ಕಲಿಸಬಾರದಮ್ಮ ಎಂದು ಗದರಿದೆ.

ಅವರು ಕಣ್ಣರಳಿಸಿ ನೋಡಿ, “ಮಗೀಗಲ್ಲ ಕಣಣ್ಣ, ನಮ್ಮ ಅಸೀಗೆ,” ಎಂದರು.

ಕಥೆ ಹೀಗಿತ್ತು. ಅವರ ಮನೆಯ ಗೌರಿ ಎಂಬ ಸೀಮೆಹಸು ಕರುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ಚಿಕ್ಕತಾಯಮ್ಮನ ಕೈಯಲ್ಲಿ ಬಾಟಲಿ ಹಾಲು ಕುಡಿದು ಬೆಳೆದದ್ದು. ಈಗ ಎರಡನೇ ಸೂಲು, ಕರು ಹಾಕಿ ಒಂದು ತಿಂಗಳು. ಚಿಕ್ಕತಾಯಮ್ಮನ ಕೈ ಅಥವಾ ದನಿ ಇಲ್ಲದೆ ಅದು ಹಾಲು ಇಳಿಸುವುದಿಲ್ಲ. ಕೆಚ್ಚಲು ತುಂಬಿದ್ದರೂ ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಕರುವನ್ನು ಬಿಟ್ಟರೂ ಅಷ್ಟೆ, ಒಂದೆರಡು ಗುಟುಕು ಕೊಟ್ಟು ಒದ್ದು ಓಡಿಸುತ್ತದೆ. ಅದಕ್ಕೆ ಗಂಡಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರು. ಎರಡು ಹೊತ್ತೂ ನಿಂಗೇಗೌಡರು ಫೋನನ್ನು ಸ್ಪೀಕರಿಗೆ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಕರೆಯಲು ಕೂರುವುದು, ಇವರು ಇಲ್ಲಿಂದ ಮಾತಾಡುವುದು.

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಬೇರೆ ಗಂಟೆ ಹೊಡೆಯುತ್ತಿತ್ತು. ದ್ವೀಪಗಳ ಮೇಲೆ ಫೋನು ಸಿಗುತ್ತದೆ, ನಡುಸಮುದ್ರದಲ್ಲಿ ಸಿಗುವುದಿಲ್ಲ. ಹಾಲು ಕರೆಯುವ ಹೊತ್ತು, ಅಂದರೆ ಬೆಳಗಿನ ಜಾವ ಮತ್ತು ಸಂಜೆ, ನಾವು ಇರುವುದು ಹಡಗಿನಲ್ಲಿ.

ಕೊಚ್ಚಿಯ ಬಂದರಿನಲ್ಲಿ ಈ ಮಾತು ಹೇಳಿದ್ದೇ ತಡ, ಚಿಕ್ಕತಾಯಮ್ಮ ಬ್ಯಾಗಿನ ಮೇಲೆ ಕೂತುಬಿಟ್ಟರು. ಹಾಲು ಒಳಗೇ ನಿಂತರೆ ಕೆಚ್ಚಲು ಬಾವು ಬರುತ್ತದೆ, ಬಾವು ಬಂದರೆ ಹಸು ಕೈಗೆ ಹತ್ತುವುದಿಲ್ಲ, ತಾನು ಹಡಗು ಹತ್ತುವುದಿಲ್ಲ. ಸಾಕಮ್ಮ ಒಬ್ಬಳೇ ಹೋಗಲು ಒಲ್ಲಳು. ಅವಳು ಹೋಗದಿದ್ದರೆ ನಾಗಮಂಗಲದ ಮೂವರು ಹೋಗಲು ಒಲ್ಲರು. ನನ್ನ ಬಫರ್ ಕಣ್ಣೆದುರೇ ಕರಗುತ್ತಿತ್ತು. ಆಗ ನನಗೆ ಹೊಳೆದದ್ದನ್ನು ನೆನೆದರೆ ಇವತ್ತಿಗೂ ಹೆಮ್ಮೆಯೂ ಆಗುತ್ತದೆ, ನಾಚಿಕೆಯೂ ಆಗುತ್ತದೆ. ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಗೌಡರಿಗೆ ಕಳಿಸೋಣ, ಎರಡು ಹೊತ್ತೂ ಅದನ್ನೇ ಹಾಕಿಕೊಳ್ಳಲಿ ಎಂದೆ. ಚಿಕ್ಕತಾಯಮ್ಮನ ಮುಖ ಅರಳಿತು. ಅಲ್ಲೇ ಕೂತು ಹತ್ತು ನಿಮಿಷ ಮನಸಾರೆ ಗೌರಿಯನ್ನು ರಮಿಸಿದರು. ಕಳಿಸಿದೆವು, ಹಡಗು ಹತ್ತಿದೆವು. ನಾನು ಡೆಕ್ಕಿನ ಮೇಲೆ ನಿಂತು ಒಂದು ಚಹಾ ಕುಡಿದೆ.

ಮಾರನೆಯ ದಿನ ಮೊದಲ ದ್ವೀಪದಲ್ಲಿ ಕಾಲಿಟ್ಟೊಡನೆ ಚಿಕ್ಕತಾಯಮ್ಮ ಮನೆಗೆ ಫೋನು ಮಾಡಿದರು. ಆ ಕಡೆಯಿಂದ ಗೌಡರು ಕೂಗಾಡುವುದು ನಾಲ್ಕು ಮಾರು ದೂರ ನಿಂತ ನನಗೂ ಕೇಳಿಸುತ್ತಿತ್ತು.

ಆಗಿದ್ದಿಷ್ಟು. ನಾವು ರೆಕಾರ್ಡ್ ಮಾಡುವಾಗ ಬಂದರಿನಲ್ಲಿ ಯಾವುದೋ ಹಡಗು ಸೈರನ್ ಊದಿತ್ತು. ಬಂದರಿನ ಗದ್ದಲದಲ್ಲಿ ನಮಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಗೌರಿ ಸಂಜೆ ಆ ದನಿ ಕೇಳಿ ಕಿವಿ ಅರಳಿಸಿ, ಇನ್ನೇನು ಹಾಲು ಇಳಿಸಬೇಕು, ಅಷ್ಟರಲ್ಲಿ ಗೌಡರ ಜೇಬಿನಿಂದ ಭೋಂ ಎಂದು ಹಡಗು ಕೂಗಿದೆ. ಬಕೆಟ್ಟು ಒಂದು ಕಡೆ, ಗೌಡರು ಒಂದು ಕಡೆ. ಆಗಿನಿಂದ ಫೋನು ಕಂಡರೇ ಹಸು ಹಗ್ಗ ಕಿತ್ತುಕೊಳ್ಳುತ್ತಿತ್ತು. ಸಂಜೆ ಹಾಲಿಲ್ಲ, ಬೆಳಿಗ್ಗೆ ಬಲವಂತದಿಂದ ಹಿಂಡಿದರೆ ಎರಡು ಲೀಟರು. ಕೆಚ್ಚಲು ಕಲ್ಲಾಗುತ್ತಿದೆ, ದನದ ಡಾಕ್ಟರು ಬಂದು ನೋಡಿ, ಇವತ್ತೂ ಹಾಲು ಇಳಿಯದಿದ್ದರೆ ಕಷ್ಟ ಎಂದಿದ್ದಾರೆ.

ಚಿಕ್ಕತಾಯಮ್ಮ ಅಳಲಿಲ್ಲ. ಬೀಗಿತ್ತಿಗೆ ಕೇಳದಂತೆ ನಾಲ್ಕು ಹೆಜ್ಜೆ ಆಚೆ ಹೋಗಿ, ಗಂಡನಿಗೆ ಒಂದು ದಾರಿ ಹೇಳಿದರು. ತನ್ನ ಹಳೆಯ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಕರೆಯಲು ಕೂರಬೇಕು. ಹಸುವಿಗೆ ಸೀರೆಯ ವಾಸನೆ ಸಾಕು. ನಮ್ಮ ಕಡೆ ಹಳಬರಿಗೆ ಗೊತ್ತಿರುವ ಉಪಾಯ ಇದು, ಕಷ್ಟ ಬಂದಾಗ ಗಂಡಸರು ಮಾಡಿದ್ದೂ ಉಂಟು, ಮಾಡಿದೆ ಎಂದು ಹೇಳಿಕೊಂಡವರು ಮಾತ್ರ ಇಲ್ಲ. ಗೌಡರು ಪ್ರಾಣ ಹೋದರೂ ಉಡುವುದಿಲ್ಲ ಎಂದರು. ಅವರ ಕೊಟ್ಟಿಗೆ ಇರುವುದು ಡೈರಿಗೆ ಹೋಗುವ ರಸ್ತೆಯ ಮೇಲೆ. ಎರಡು ಹೊತ್ತೂ ಊರೆಲ್ಲ ಕ್ಯಾನು ಹಿಡಿದು ಅಲ್ಲೇ ಹಾಯಬೇಕು. ಡೈರೆಕ್ಟರು ಸೀರೆ ಉಟ್ಟು ಕೂತರೆ ಮುಂದಿನ ಚುನಾವಣೆಯಲ್ಲಿ ಠೇವಣಿಯೂ ಉಳಿಯುವುದಿಲ್ಲ. ಮೇಲಾಗಿ ಬೀಗರಿಗೆ ಗೊತ್ತಾದರೆ ನಾಗಮಂಗಲದ ಕಡೆ ತಲೆ ಎತ್ತಿ ಹೋಗುವುದು ಹೇಗೆ. ಇಷ್ಟು ಹೇಳಿ ಫೋನು ಇಟ್ಟರು. ಆಮೇಲೆ ಎತ್ತಲೇ ಇಲ್ಲ.

ಪಕ್ಕದ ಮನೆಯ ಹೆಂಗಸಿಗೆ ಆ ಸೀರೆ ಉಡಿಸಿ ಕೂರಿಸಬಹುದಲ್ಲ ಎಂದು ನಾನು ಜಾಣತನ ತೋರಿದೆ. ಹೋದ ವರ್ಷ ಆಕೆಯನ್ನು ಗೌರಿ ಒದ್ದು ಕೈ ಮುರಿದಿದೆ, ಕೊಟ್ಟಿಗೆಯ ಹತ್ತಿರಕ್ಕೂ ಬರುವುದಿಲ್ಲ ಎಂದರು ಚಿಕ್ಕತಾಯಮ್ಮ. ಆಮೇಲೆ ನನ್ನ ಮುಖ ನೋಡಿ, “ನನ್ನ ಊರಿಗೆ ಕಳಿಸ್ಬುಡಣ್ಣ. ಇಲ್ಲಿಂದ ಬಸ್ಸು ಎಷ್ಟೊತ್ತಿಗದೆ?” ಎಂದು ಕೇಳಿದರು.

ಯಾ ಅಲ್ಲಾ, ಸುತ್ತ ನೋಡಿದರೆ ಅರಬ್ಬೀ ಸಮುದ್ರ. ಮೂವತ್ತು ವರ್ಷ ಪ್ರವಾಸಿಗರಿಗೆ ಎಂಥೆಂಥ ಉತ್ತರ ಕೊಟ್ಟಿದ್ದೇನೆ, ಆ ಪ್ರಶ್ನೆಗೆ ಮಾತ್ರ ಹಡಗು ಕೊಚ್ಚಿಗೆ ತಿರುಗುವವರೆಗೆ ಇಲ್ಲಮ್ಮ ಎಂದಷ್ಟೇ ಹೇಳಿದೆ. ಎಲ್ಲರೂ ಗಾಜಿನ ತಳದ ದೋಣಿಯಲ್ಲಿ ಬಣ್ಣದ ಮೀನು ನೋಡಲು ಹೋದರು. ಇವರು ದಡದಲ್ಲಿ ತೆಂಗಿನ ಮರಕ್ಕೆ ಒರಗಿ, ನೀರಿನ ಕಡೆ ಬೆನ್ನು ಹಾಕಿ ಕೂತರು. ಚಿಕ್ಕಂದಿನಿಂದ ನೋಡಬೇಕೆಂದಿದ್ದ ನೀರಿನ ನಡುವೆ ಬಂದೂ ಬೆನ್ನು ಹಾಕಿ ಕೂತ ಆ ಹೆಂಗಸನ್ನು ಕಂಡು ನನಗೆ ಸಂಕಟವಾಯಿತು. ನಿಜ ಹೇಳಬೇಕೆಂದರೆ, ಮುಖವೇ ನೋಡದ ಆ ಹಸುವಿನ ಮೇಲೆ ಸಿಟ್ಟೂ ಬಂತು.

ಸಂಜೆ ಹಡಗು ಹೊರಟಿತು. ಸಿಗ್ನಲ್ ಮಾಯವಾಯಿತು. ನಾನು ಗಟ್ಟಿ ಮನಸ್ಸು ಮಾಡಿ ಚಿಕ್ಕತಾಯಮ್ಮನನ್ನು ಕರೆದುಕೊಂಡು ಕ್ಯಾಪ್ಟನ್ ಇರುವಲ್ಲಿಗೆ ಹತ್ತಿದೆ. ಹಡಗಿನಲ್ಲಿ ಸ್ಯಾಟಲೈಟ್ ಫೋನ್ ಇರುತ್ತದೆ. ಟವರ್ ಇಲ್ಲದೆ ನೇರ ಆಕಾಶದ ಉಪಗ್ರಹದ ಮೂಲಕ ಮಾತಾಡುವಂಥದ್ದು, ಜೀವಕ್ಕೆ ಅಪಾಯ ಬಂದಾಗ ಮಾತ್ರ ಬಳಸುವುದು. ಕ್ಯಾಪ್ಟನ್ ಬಿಳಿ ಗಡ್ಡದ, ಮೆಲುದನಿಯ ಮಲಯಾಳಿ ಮನುಷ್ಯ. ಮನೆಯಲ್ಲಿ ಎಮರ್ಜೆನ್ಸಿ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವರು ಕನಿಕರದಿಂದ ವಿಚಾರಿಸಿಕೊಂಡರು.

ಕಾಯಿಲೆ ಯಾರಿಗೆ? ಗೌರಿಗೆ. ಈ ಅಮ್ಮನಿಗೆ ಏನಾಗಬೇಕು? ಇವರೇ ಬಾಟಲಿ ಹಾಲು ಕುಡಿಸಿ ಸಾಕಿದ್ದು. ವಯಸ್ಸು? ಐದು. ಕ್ಯಾಪ್ಟನ್ ಅಯ್ಯೋ ಎಂದು ಕೂತಲ್ಲಿಂದ ಎದ್ದರು. ಏನು ತೊಂದರೆ? ಹೆರಿಗೆಯಾಗಿ ಒಂದು ತಿಂಗಳು, ಹಾಲು ಕಟ್ಟಿಕೊಂಡಿದೆ.

ಕ್ಯಾಪ್ಟನ್ ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಸಮುದ್ರಕ್ಕೆ ಹಾರಬೇಕಿತ್ತು. ಸರ್, ಹಸು ಸರ್ ಎಂದು ತೊದಲಿದೆ. ಕೋಣೆಯಲ್ಲಿದ್ದ ಇನ್ನಿಬ್ಬರು ಅಧಿಕಾರಿಗಳು ಗೋಡೆಯ ಕಡೆ ತಿರುಗಿಕೊಂಡರು, ಅವರ ಭುಜ ಕುಣಿಯುತ್ತಿದ್ದದ್ದು ಕಾಣುತ್ತಿತ್ತು. ಕ್ಯಾಪ್ಟನ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಈ ಫೋನು ಇರುವುದು ಜೀವ ಉಳಿಸಲಿಕ್ಕೆ ಎಂದರು. ಅದೂ ಜೀವವೇ ಸರ್ ಎಂದೆ. ಅವರು ಚಿಕ್ಕತಾಯಮ್ಮನ ಕಡೆ ನೋಡಿದರು. ಆಕೆಗೆ ನಮ್ಮ ಹಿಂದಿ ಒಂದಕ್ಷರವೂ ಅರ್ಥವಾಗಿರಲಿಲ್ಲ. ಸೆರಗಿನ ತುದಿಯನ್ನು ಕೈಯಲ್ಲಿ ಹಿಂಡುತ್ತಾ ಫೋನಿನ ಮೇಲೇ ಕಣ್ಣಿಟ್ಟು ನಿಂತಿದ್ದರು. ಎರಡೇ ನಿಮಿಷ ಎಂದು ಹೇಳಿ ಕ್ಯಾಪ್ಟನ್ ತಾವೇ ನಂಬರು ಒತ್ತಿದರು.

ಗುರುತಿಲ್ಲದ ಉದ್ದನೆಯ ನಂಬರು ನೋಡಿ ಗೌಡರು ಮೋಸ ಹೋದರು, ಎತ್ತಿದರು. ಆ ಫೋನಿನಲ್ಲಿ ಆಡಿದ ಮಾತು ಆ ಕಡೆ ತಲುಪಲು ಒಂದು ಕ್ಷಣ ಹಿಡಿಯುತ್ತದೆ. ಚಿಕ್ಕತಾಯಮ್ಮ ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗುವ ದನಿಯಲ್ಲಿ ಶುರುಮಾಡಿದರು.

“ಏನೂಂದ್ರೆ, ನಾನು. ನಡು ಸಮುದ್ರದಲ್ಲಿವ್ನಿ. ಕೊಟ್ಟಿಗೆ ತಂತಿ ಮೇಲೆ ನನ್ನ ನೀಲಿ ಸೀರೆ ಅದೆ, ಒಗ್ದಿಲ್ಲ. ಅದ್ನ ಉಟ್ಕೊಂಡು ಕುಂತ್ಕಳಿ.”

ಒಂದು ಕ್ಷಣ ಬರೀ ಗೊರಗೊರ. ಆಮೇಲೆ ಗೌಡರ ದನಿ ಬಂತು: “ಊರೆಲ್ಲ ನೋಡ್ತದೆ ಕಣಮ್ಮಿ. ನನ್ನ ಮಾನ ಮರ್ವಾದೆ ಏನಾಗ್ಬೇಕು?”

“ಮೂವತ್ತು ವರ್ಸದಿಂದ ನಾನು ಸೀರೆ ಉಟ್ಕೊಂಡೇ ಕರೀತಿವ್ನಿ. ನನಗೆ ಓಗದ ಮರ್ವಾದೆ ನಿಮಗೆ ಎಂಗೆ ಓಯ್ತದೆ? ಗೌರಿಗೇನಾರ ಆದ್ರೆ ನಾನು ಈ ಕಡೇನೇ ಇದ್ಬುಡ್ತೀನಿ. ಇಲ್ಲಿ ಊರೂ ಚೆಂದಾಗದೆ, ಜನಾನೂ ಚೆಂದಾಗವ್ರೆ.”

ಲೈನು ಕಟ್ಟಾಯಿತು. ಗೌಡರು ಕತ್ತರಿಸಿದರೋ, ಉಪಗ್ರಹ ಕತ್ತರಿಸಿತೋ ಗೊತ್ತಾಗಲಿಲ್ಲ. ಕ್ಯಾಪ್ಟನ್ ಏನಂತೆ ಎಂದು ಕೇಳಿದರು. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಅವರು ಫೋನನ್ನು ಅದರ ಜಾಗದಲ್ಲಿಡುತ್ತಾ, ತಮ್ಮ ಹೆಂಡತಿಯೂ ಇದೇ ದನಿಯಲ್ಲಿ ಮಾತಾಡುವುದು ಎಂದರು.

ಆ ಸಂಜೆ ಚಿಕ್ಕತಾಯಮ್ಮ ಊಟ ಮುಟ್ಟಲಿಲ್ಲ. ಮರುದಿನ ಎರಡನೆಯ ದ್ವೀಪ ಹತ್ತಿರವಾದಂತೆ ನಮ್ಮ ಬಸ್ಸಿನ ನಲವತ್ತು ಜನರೂ ಡೆಕ್ಕಿನ ಮೇಲೆ ಫೋನು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಯಾರೊಬ್ಬರೂ ದ್ವೀಪ ನೋಡುತ್ತಿರಲಿಲ್ಲ. ಹೊತ್ತು ಕಳೆಯಲು ನಾನು ಬಾಯಿಗೆ ಬಂದದ್ದೇನೋ ವಿವರಿಸುತ್ತಿದ್ದೆ, ಕೇಳುವವರೂ ಇರಲಿಲ್ಲ. ಕೊನೆಗೆ ಸಿಕ್ಕಿತು. ಸುತ್ತುವರಿದ ಆ ಜನರ ನಡುವೆ ನಡೆದ ಮಾತು ಇಷ್ಟೇ. ಎಷ್ಟು ಕೊಟ್ಟಳು? ಎಂಟು ಲೀಟರು. ಒದೆದಳಾ? ಇಲ್ಲ. ಉಟ್ಟುಕೊಂಡಿದ್ರಾ? ಬ್ಯಾಟರಿ ಇಲ್ಲ, ಇಡುತ್ತೇನೆ ಎಂದು ಗೌಡರು ಇಟ್ಟರು. ಡೆಕ್ಕಿನ ಮೇಲೆ ಶಿಳ್ಳೆ ಬಿತ್ತು. ಏನನ್ನು ಉಟ್ಟುಕೊಳ್ಳುವುದು ಎಂದು ಸಾಕಮ್ಮ ಎಲ್ಲರನ್ನೂ ಕೇಳಿದಳು. ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಸೀರೆಯ ಸುದ್ದಿ ರಾತ್ರಿಯೇ ಮುಟ್ಟಿತ್ತು, ಎಲ್ಲರೂ ದ್ವೀಪದ ಕಡೆ ಬೆರಳು ತೋರಿಸಿದರು.

ಅಂದು ಚಿಕ್ಕತಾಯಮ್ಮ ಸೀರೆ ಎತ್ತಿ ಕಟ್ಟಿ, ಮೊಣಕಾಲಿನಷ್ಟು ನೀರಿನಲ್ಲಿ ದೂರದವರೆಗೆ ನಡೆದು ಹೋದರು. ಅಲ್ಲಿ ನಿಂತು ಮೆಲ್ಲಗೆ ಒಂದು ಸುತ್ತು ತಿರುಗಿ ನಾಲ್ಕೂ ಕಡೆ ನೋಡಿದರು. ಮತ್ತೆ ಒಂದು ಸುತ್ತು ತಿರುಗಿದರು. ವಾಪಸ್ಸು ಬಂದಾಗ ಹೇಗಿದೆಯಮ್ಮ ಎಂದೆ. ಅವರ ಕಣ್ಣು ತುಂಬಿತ್ತು. ನನ್ನ ಕೈ ಹಿಡಿದು ಅದುಮಿದರು. ಆಮೇಲೆ ಸುಧಾರಿಸಿಕೊಂಡು, ಇಷ್ಟು ನೀರಿಟ್ಟುಕೊಂಡು ಒಂದು ಗದ್ದೆ ಮಾಡಿಲ್ಲವಲ್ಲ ಈ ಜನ ಎಂದರು.

ಪ್ರವಾಸ ಮುಗಿಸಿ ಕೊಚ್ಚಿಯಿಂದ ಬಸ್ಸು ಹೊರಟು, ಮೈಸೂರು ದಾಟಿ, ಶ್ರೀರಂಗಪಟ್ಟಣ, ಪಾಂಡವಪುರದವರನ್ನು ಇಳಿಸುತ್ತಾ ಬಂತು. ಚಿಕ್ಕತಾಯಮ್ಮನ ಊರು ಮುಟ್ಟಿದಾಗ ಬೆಳಕು ಹರಿದು ಡೈರಿಗೆ ಹಾಲು ಹೋಗುವ ಹೊತ್ತು. ನಾಗಮಂಗಲದವರು ಇನ್ನೂ ಬಸ್ಸಿನಲ್ಲೇ ಇದ್ದರು. ರಸ್ತೆಯ ಮೇಲೆ ಕ್ಯಾನು ಹಿಡಿದ ಜನ, ರಸ್ತೆ ಬದಿಗೆ ಕೊಟ್ಟಿಗೆ. ಅದರಲ್ಲಿ ಬಾಗಿಲ ಕಡೆ ಬೆನ್ನು ಹಾಕಿ, ನೀಲಿ ಸೀರೆಯ ಸೆರಗು ಹೊದ್ದು, ಕೆಳಗೆ ಪಂಚೆಯ ಅಂಚು ಇಣುಕುವಂತೆ, ಡೈರಿ ಡೈರೆಕ್ಟರು ನಿಂಗೇಗೌಡರು ಕುಕ್ಕರುಗಾಲಲ್ಲಿ ಕೂತಿದ್ದರು. ಡ್ರೈವರು ತನಗೆ ಗೊತ್ತಿಲ್ಲದೆಯೇ ಬ್ರೇಕು ಒತ್ತಿದ. ಬಸ್ಸಿನ ಒಂದು ಬದಿಯವರೆಲ್ಲ ಇನ್ನೊಂದು ಬದಿಗೆ ಬಂದರು.

ಗೌಡರಿಗೆ ಬಸ್ಸು ಬಂದದ್ದು ತಿಳಿಯಿತು. ಎದ್ದು ಓಡುತ್ತಾರೆ ಎಂದುಕೊಂಡೆ. ಅವರು ಓಡಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ.

“ಸದ್ದು ಮಾಡ್ಬ್ಯಾಡ್ರಲಾ,” ಎಂದರು. “ಈಗ ಇಳುಸ್ತಾವ್ಳೆ.”

ಬಸ್ಸಿನಲ್ಲಿ ಉಳಿದವರು, ರಸ್ತೆಯ ಜನ, ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಬಕೆಟ್ಟಿಗೆ ಹಾಲು ಬೀಳುವ ಸೊರ್ ಸೊರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚಿಕ್ಕತಾಯಮ್ಮ ಇಳಿದು ಹೋಗಿ, ನಾನು ಕರೆಯುತ್ತೇನೆ ಏಳಿ ಎಂದರೂ ಗೌಡರು ಜಾಗ ಬಿಡಲಿಲ್ಲ, ಹೋಗಿ ಕಾಫಿ ಕುಡಿ ಎಂದು ಕೈಯಾಡಿಸಿದರು. ಕಿಟಕಿಯಲ್ಲಿ ಮುಖವಿಟ್ಟು ನೋಡುತ್ತಿದ್ದ ಸಾಕಮ್ಮ, ನಮ್ಮ ಬೀಗರಿಗೆ ಉಳಿದದ್ದೆಲ್ಲ ಬರುತ್ತದೆ, ನೆರಿಗೆ ಹಿಡಿಯಲು ಬರುವುದಿಲ್ಲ ಎಂದಳು.

ಈಗ ಕಚೇರಿಯನ್ನು ಮಗಳಿಗೆ ಬಿಟ್ಟು ಕೂತಿದ್ದೇನೆ. ಹಡಗಿನ ವೇಳೆ, ಪರ್ಮಿಟ್ಟು, ಬಫರು ಇವೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕಲಿಸಿದ್ದು ಒಂದೇ. ಹೆಂಗಸರು ಯಾರಾದರೂ ಬುಕ್ಕಿಂಗಿಗೆ ಬಂದರೆ, ಎಲ್ಲಿ ಕೂರುತ್ತೀರಿ, ಏನು ತಿನ್ನುತ್ತೀರಿ ಎಂದು ಕೇಳುವ ಮೊದಲು, ನೀವು ಇಲ್ಲದಾಗ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ ಎಂದು ಕೇಳಬೇಕು. ಹೊರಟವರನ್ನು ದ್ವೀಪಕ್ಕೆ ಮುಟ್ಟಿಸುವುದು ಕಷ್ಟವಲ್ಲ. ಅವರ ಜೀವ ಊರಲ್ಲೇ ಉಳಿದರೆ ನಾವು ಬರೀ ಲಗೇಜು ಸಾಗಿಸಿದ ಹಾಗೆ.

ಚಿಕ್ಕತಾಯಮ್ಮ ಆಮೇಲೆ ನಮ್ಮ ಜೊತೆ ಎರಡು ಟೂರು ಮಾಡಿದರು. ಗೌರಿ ಈಗ ಸೀರೆಯಿಲ್ಲದೆಯೂ ಗೌಡರಿಗೆ ಹಾಲು ಕೊಡುತ್ತದೆ, ಗೌಡರನ್ನು ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ, ಚಿಕ್ಕತಾಯಮ್ಮನಿಗೂ. ಹೋದ ತಿಂಗಳು ಅಂಡಮಾನ್ ಟೂರಿಗೆ ಹೆಂಡತಿಯ ಹೆಸರು ಬರೆಸಲು ಗೌಡರೇ ಕಚೇರಿಗೆ ಬಂದಿದ್ದರು. ನೀವೂ ಒಂದು ಸಲ ಬನ್ನಿ ಗೌಡರೇ, ನಾಲ್ಕು ಊರು ನೋಡಿ ಎಂದೆ. ಗೌಡರು ಗಡಿಯಾರ ನೋಡಿಕೊಂಡು ಲಗುಬಗೆಯಿಂದ ಎದ್ದರು.

“ನಾನು ಬಂದ್ರೆ ಆಲು ಕರಿಯೋರ್ಯಾರು ಸಾಬ್ರೆ?”